ಅಮ್ಮ ಓಡಿಸಿದ ಅಂಚೆ ರೇಸು

ನಿನ್ನೆ ಬೆಳಿಗ್ಗೆ ಕೊರಿಯರ್‌ನವನು ಗೇಟಿನ ಮೇಲಿಂದ ಒಂದು ಪೆಟ್ಟಿಗೆಯನ್ನು ಒಳಕ್ಕೆ ಎಸೆದು ಹೋದ. ಪೆಟ್ಟಿಗೆಯ ಮೇಲೆ ಗಾಜಿನ ಲೋಟದ ಚಿತ್ರ, ಅದರ ಕೆಳಗೆ ಜೋಪಾನ ಎಂದು ಕೂಗುವ ಕೆಂಪು ಅಕ್ಷರಗಳು. ಒಳಗಿದ್ದ ಮಿಕ್ಸಿ ಜಾರು ಪುಣ್ಯಕ್ಕೆ ಒಡೆದಿರಲಿಲ್ಲ. ಅದಕ್ಕೆ ಸುತ್ತಿದ್ದ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕನ್ನು ನಾನು ಮೂಗಿಗೆ ಹಿಡಿದು ನೋಡಿದೆ. ಹೆಂಡತಿ ವಿಚಿತ್ರವಾಗಿ ನನ್ನ ಮುಖ ನೋಡಿದಳು. ಪಾರ್ಸಲ್ ಬಿಚ್ಚಿದ ಕೂಡಲೇ ಕಡಲೆಕಾಯಿಯ ವಾಸನೆ ಬರಬೇಕೆಂದು ನನ್ನ ಮೂಗು ಇನ್ನೂ ಕಾಯುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ? ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ನೀವು ನಂಬಬೇಕು. ಎಂಬತ್ತರ ದಶಕದ ಆರಂಭದಲ್ಲಿ ನಾನು ಮಧುಗಿರಿಯಲ್ಲಿ ನಾಲ್ಕು ತಾಲ್ಲೂಕುಗಳ ಮೋಟಾರು ರೇಸು ನಡೆಸುತ್ತಿದ್ದವನು. ಕಾರಿನ ಉದ್ದ ಒಂದು ಗೇಣು, ರೇಸಿನ ಮೈದಾನ ನಮ್ಮ ಮನೆಯ ನಡುಮನೆ. ಕೆಲಸಕ್ಕೆ ಬಾರದ ವಿದ್ಯೆಯಲ್ಲಿ ನನ್ನಷ್ಟು ಶ್ರದ್ಧೆಯಿದ್ದವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಆಗ ನನ್ನದೊಂದು ರೇಡಿಯೋ ರಿಪೇರಿ ಅಂಗಡಿಯಿತ್ತು. ಬೆಂಗಳೂರಿಗೆ ಬಿಡಿಭಾಗ ತರಲು ಹೋದಾಗ ಫುಟ್‌ಪಾತಿನಲ್ಲಿ ಹಳೆಯ ವಿಲಾಯಿತಿ ಪತ್ರಿಕೆಯೊಂದು ಸಿಕ್ಕಿತು. ಹಲಗೆಯಲ್ಲಿ ಒಂದು ಗೀರು ಕೊರೆದು, ಗೀರಿನ ಎರಡೂ ಬದಿ ತಾಮ್ರದ ಪಟ್ಟಿ ಅಂಟಿಸಿ, ಪಟ್ಟಿಗೆ ಬ್ಯಾಟರಿಯ ಕರೆಂಟು ಕೊಡುತ್ತಾರೆ. ಕಾರಿನ ಮೂತಿಯ ಕೆಳಗೊಂದು ಮೊಳೆ, ಅದು ಗೀರು ಹಿಡಿದು ಓಡುತ್ತದೆ. ಓಡಿಸುವವರ ಕೈಯಲ್ಲಿ ಒಂದು ತಿರುಪು. ತಿರುಗಿಸಿದಷ್ಟೂ ವೇಗ, ತಿರುವಿನಲ್ಲಿ ಮೈಮರೆತರೆ ಕಾರು ಹಾರಿ ಗೋಡೆಗೆ. ಇಷ್ಟೇ ಆಗಿದ್ದರೆ ಪತ್ರಿಕೆ ಮಡಿಸಿಡುತ್ತಿದ್ದೆನೇನೋ. ಆದರೆ ಆ ಜನ ಕಾರು ಮಾಡಿ, ಡಬ್ಬಿಯಲ್ಲಿಟ್ಟು, ಅಂಚೆಯಲ್ಲಿ ದೂರದೂರಿಗೆ ಕಳಿಸಿ ರೇಸು ಆಡುತ್ತಾರಂತೆ! ತಾನು ಮಾಡಿದ ಕಾರು ಓಡುವುದನ್ನು ತಾನೇ ನೋಡುವುದಿಲ್ಲ, ಫಲಿತಾಂಶ ಕಾಗದದಲ್ಲಿ ಬರುತ್ತದೆ. ಓದಿದವನಿಗೆ ಎರಡು ದಿನ ಊಟ ಸೇರಲಿಲ್ಲ.

ನನ್ನಂಥ ಹುಚ್ಚರು ಇನ್ನೂ ಮೂವರು ಸಿಕ್ಕಿದರು. ಮೂವರೂ ಯಾವಾಗಲೋ ನನ್ನ ಅಂಗಡಿಗೆ ಬಂದು ಕೆಟ್ಟ ಟೇಪ್‌ರೆಕಾರ್ಡರಿನ ಮೋಟರ್ ಇದ್ದರೆ ಕೊಡಿ ಎಂದು ಕೇಳಿದವರು. ಶಿರಾದಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಖಾದರ್ ಸಾಬರು, ಕೊರಟಗೆರೆ ಕಡೆಯ ತೋವಿನಕೆರೆಯ ಡ್ರಾಯಿಂಗ್ ಮೇಷ್ಟ್ರು, ಮತ್ತು ಪಾವಗಡದಾಚೆ ವೈ.ಎನ್.ಹೊಸಕೋಟೆಯ ಓಬಳೇಶಪ್ಪ. ಓಬಳೇಶಪ್ಪನದು ಕಡಲೆಕಾಯಿ ಬೆಳೆಯುವ ಮನೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಉತ್ಸಾಹ. ಹಾಲುವಾಣದ ಹಗುರ ಮರದಲ್ಲಿ ಕಾರಿನ ಮೈ, ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಚಕ್ರ. ಒಂದು ಕಾಲಿನ ಚಪ್ಪಲಿ ಕಳೆದುಹೋದರೆ ನಮ್ಮ ನಾಲ್ಕೂ ಮನೆಗಳಲ್ಲಿ ಯಾರೂ ನಾಯಿಯನ್ನು ಬೈಯುತ್ತಿರಲಿಲ್ಲ.

ಕಾರುಗಳು ಬರುವ ದಿನ ನಮ್ಮ ಮನೆಯಲ್ಲಿ ಹಬ್ಬ. ಶಿರಾದ ಡಬ್ಬಿಯ ತುಂಬ ಕುರಿ ಉಣ್ಣೆ, ತೋವಿನಕೆರೆಯದರಲ್ಲಿ ತೆಂಗಿನ ನಾರು, ಹೊಸಕೋಟೆಯದರಲ್ಲಿ ಸಿಪ್ಪೆ ಸಮೇತ ಕಡಲೆಕಾಯಿ. ಕಾರು ನನಗೆ, ಕಡಲೆಕಾಯಿ ಅಮ್ಮನಿಗೆ. ಡಬ್ಬಿಯನ್ನು ಬರಿದಾಗಿ ಹಿಂದಕ್ಕೆ ಕಳಿಸುವುದು ಅಮ್ಮನ ಜಾಯಮಾನದಲ್ಲೇ ಇರಲಿಲ್ಲ. ವಾಪಸು ಹೋಗುವ ಕಾರಿನ ಸುತ್ತ ಕೋಡುಬಳೆ ತುರುಕುತ್ತಿದ್ದಳು. ತೋವಿನಕೆರೆ ಮೇಷ್ಟ್ರು ಒಮ್ಮೆ ಬರೆದರು: “ಚಕ್ರಗಳಿಗೆ ಎಣ್ಣೆ ಹಿಡಿದು ಕಾರು ಜಾರುತ್ತಿದೆ. ಕೋಡುಬಳೆ ಬಹಳ ಚೆನ್ನಾಗಿತ್ತು. ಮುಂದೆಯೂ ಹೀಗೆಯೇ ಕಳಿಸಿ.”

ಓಡಿಸುವವರು ಯಾರು ಎಂಬುದೇ ದೊಡ್ಡ ಚರ್ಚೆಯಾಗಿತ್ತು. ನಾನು ಓಡಿಸಿದರೆ ನನ್ನ ಕಾರಿಗೆ ಪಕ್ಷಪಾತ. ಕಾರಿಲ್ಲದವರೇ ಎಲ್ಲ ಕಾರುಗಳನ್ನೂ ಓಡಿಸಬೇಕು, ಒಂದೇ ಕೈ ಆಗಿರಬೇಕು ಎಂದು ಕಾಗದದಲ್ಲೇ ತೀರ್ಮಾನವಾಯಿತು. ಅಂಥ ನಿಷ್ಪಕ್ಷಪಾತಿ ನನ್ನ ಕಣ್ಣಳತೆಯ ದೂರದಲ್ಲಿ ಒಬ್ಬರೇ ಇದ್ದರು.

“ನಂಗ್ಯಾಕ್ಲಾ ಮೋಟ್ರು ಓಡ್ಸದು? ಸಾರು ಕುದೀತಾ ಐತೆ” ಎಂದಳು ಅಮ್ಮ. ಆಮೇಲೆ ಮಣೆ ಹಾಕಿಕೊಂಡು ಕೂತು ತಿರುಪು ಹಿಡಿದವಳು, ಸಾರು ಸೀದು ವಾಸನೆ ಬಂದರೂ ಏಳಲಿಲ್ಲ.

ಹೀಗೆ ರೇಸು ನಡೆಯಿತು. ನಾನು ಹಲಗೆ ಜೋಡಿಸಿ ಮಾಡಿದ ಹಾದಿಯಲ್ಲಿ ಒಂದೊಂದೇ ಕಾರು ನಡುಮನೆಯನ್ನು ಹತ್ತು ಸುತ್ತು ಹಾಕಬೇಕು, ನಾನು ಗಡಿಯಾರ ಹಿಡಿದು ಸಮಯ ಬರೆಯಬೇಕು. ಮೊದಲ ರೇಸಿನಲ್ಲಿ ನಮ್ಮ ಕಾರು ಗೆದ್ದಿತು. ನಾಚಿಕೆಯಿಂದಲೇ ಫಲಿತಾಂಶ ಬರೆದು ಕಳಿಸಿದೆ. ಎರಡನೆಯದರಲ್ಲೂ ನಮ್ಮದೇ. ಮೂರನೆಯದರಲ್ಲಿ ಎರಡು ಸಲ ಹಾರಿ ಬಿದ್ದು, ಎತ್ತಿಟ್ಟು ಓಡಿಸಿದರೂ ನಮ್ಮದೇ! ಹೊಸಕೋಟೆಯ ಕಾರು ಪ್ರತಿ ಸಲವೂ ಕೊನೆ. ನನ್ನ ಕೈಚಳಕವೇ ಅಂಥದು ಎಂದು ಒಳಗೊಳಗೇ ಬೀಗಿದೆ. ಉಳಿದವರು ಏನೆಂದುಕೊಂಡಾರು ಎಂಬುದು ಓಬಳೇಶಪ್ಪನ ಕಾರ್ಡು ಬರುವವರೆಗೂ ಹೊಳೆಯಲಿಲ್ಲ.

“ನಿಮ್ಮ ಗಾಡಿ ಗೆಲ್ಲುವುದು ಸಂತೋಷ. ನಾಲ್ಕನೇ ರೇಸಿಗೆ ನಾನೇ ಗಾಡಿ ತರುತ್ತೇನೆ. ಕಣ್ಣಾರೆ ನೋಡಿದ ಮೇಲೆ ಮುಂದಿನ ವಿಚಾರ.”

ಕಾರ್ಡನ್ನು ಎರಡು ಸಲ ಓದಿದೆ. ಮುಂದಿನ ವಿಚಾರ ಎಂದರೆ ಏನು? ಖಾದರ್ ಸಾಬರ ಕಾಗದದಲ್ಲೂ ಹಿಂದಿನ ತಮಾಷೆಯಿರಲಿಲ್ಲ. ಮೇಷ್ಟ್ರು ಕೋಡುಬಳೆಯ ಸುದ್ದಿಯನ್ನೇ ಬಿಟ್ಟಿದ್ದರು. ಮೋಸಗಾರ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಓಬಳೇಶಪ್ಪ ಮುಖ ತಿರುಗಿಸಿಕೊಂಡು ಹೋದರೆ ರೇಸು ಅಲ್ಲಿಗೆ ಮುಗಿದಂತೆ. ರೇಸಿಲ್ಲದ ನನ್ನ ಬದುಕನ್ನು ಊಹಿಸಿಕೊಂಡೆ. ಬರೀ ರೇಡಿಯೋ ರಿಪೇರಿ! ಅಳು ಬಂತು.

ಓಬಳೇಶಪ್ಪ ಬೆಳಗಿನ ಬಸ್ಸಿಗೇ ಬಂದಿಳಿದ. ಹೆಗಲ ಮೇಲೆ ಕಡಲೆಕಾಯಿ ಚೀಲ, ಎದೆಗವಚಿಕೊಂಡ ಡಬ್ಬಿ. ಅಮ್ಮ ಕೊಟ್ಟ ರೊಟ್ಟಿ ತಿಂದು, ಹಲಗೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ನಾನು ಯಾವಾಗಲೂ ಗಡಿಯಾರ ನೋಡುತ್ತಿದ್ದವನು. ಅವನಿಗೆ ಬೇರೆ ಕೆಲಸವಿರಲಿಲ್ಲವಲ್ಲ, ಅಮ್ಮನ ಕೈಯನ್ನೇ ನೋಡುತ್ತ ಕೂತ.

ಶಿರಾದ ಕಾರು ಹೊರಟಿತು. ತಿರುವು ಬಂದಾಗ ಅಮ್ಮ ಮಗುವನ್ನು ಮಲಗಿಸುವ ದನಿಯಲ್ಲಿ “ಮೆತ್ಗೆ, ಮೆತ್ಗೆ” ಎನ್ನುತ್ತ ತಿರುಪು ಇಳಿಸಿದಳು. ತೋವಿನಕೆರೆಯ ಕಾರಿಗೂ ಅದೇ ಉಪಚಾರ. ಓಬಳೇಶಪ್ಪನ ಕಾರಿನ ಸರದಿ ಬಂದಾಗ, ಕಾರಿನ ಯಜಮಾನನೇ ಎದುರಿಗೆ ಕೂತಿದ್ದಾನಲ್ಲ, ಅಮ್ಮ ಅದನ್ನು ನೆರೆತುಂಬಿದ ಹೊಳೆ ದಾಟಿಸುವಂತೆ ದಾಟಿಸಿದಳು. ಕೊನೆಗೆ ನಮ್ಮ ಕಾರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ನಡೀಲಾ ಮುಂಡೇದೆ!” ಎಂದು ತಿರುಪನ್ನು ಒಂದೇ ಸಲ ಕೊನೆಯವರೆಗೂ ತಿರುಗಿಸಿದಳು.

ಓಬಳೇಶಪ್ಪ ಬಿದ್ದು ಬಿದ್ದು ನಕ್ಕ. “ಏಂದಮ್ಮಾ, ನಿಮ್ಮನೆ ಗಾಡಿ ಮ್ಯಾಲೆ ಅಷ್ಟು ಕ್ವಾಪ?”

“ಕ್ವಾಪ ಯಾಕಪ್ಪ? ಅದು ನಮ್ದು, ಬಿದ್ರೆ ಬೀಳ್ಲಿ. ನಿಮ್ಮವೆಲ್ಲ ಬ್ಯಾರೇರ ಮನೆ ಸಾಮಾನು. ಮುರುದ್ಗಿರುದು ಓದ್ರೆ ಯಾವ ಮಕ ಇಟ್ಕಂಡು ವಾಪಸ್ ಕಳ್ಸದು?”

ನನ್ನ ಕೈಯಲ್ಲಿದ್ದ ಗಡಿಯಾರ ಕೆಳಗಿಳಿಯಿತು. ನನ್ನ ಕೈಚಳಕ ಎಂದು ಬೀಗಿದ್ದೆಲ್ಲ ಅಮ್ಮನ ಮರ್ಯಾದೆಯಾಗಿತ್ತು. “ಅಮ್ಮ, ಇದು ರೇಸು ಕಣಮ್ಮ!” ಎಂದು ಕಿರುಚಿದೆ.

“ರೇಸಾದ್ರೆ? ಇನ್ನೊಬ್ರುದನ್ನ ಮುರ್ದಾಕು ಅಂತೀಯೇನ್ಲಾ? ನಂಗಂತೂ ಅಂಗೆ ಬರಲ್ಲ ಬುಡು.”

ಇದಕ್ಕೆ ಯಾವ ನಿಯಮ ತರುವುದು? ವಿಲಾಯಿತಿ ಪತ್ರಿಕೆಯಲ್ಲಿ ಇದರ ಮಾತೇ ಇರಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಓಬಳೇಶಪ್ಪ ಎದ್ದ. ತಟ್ಟೆಯಲ್ಲಿದ್ದ ಎಲೆಅಡಿಕೆ ತೆಗೆದು ತನ್ನ ಕಾರಿನ ನೆತ್ತಿಯ ಮೇಲಿಟ್ಟ. ಎರಡೂ ಕೈಯಿಂದ ಅಮ್ಮನ ಮಡಿಲಿಗೆ ಹಾಕಿದ.

“ಇದಿಗೋಮ್ಮಾ, ಕೊಟ್ಬುಟ್ಟೆ. ಇನ್ನ ಇದು ನಿಮ್ದೇ ಕದಮ್ಮಾ.”

“ವಾಪಸ್ ಕೇಳಲ್ವಾ?”

“ದ್ಯಾವ್ರಾಣೆಗೂ ಕೇಳಲ್ಲ.”

ಅಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಕಾರನ್ನು ಗೀರಿಗೆ ಕೂರಿಸಿದಳು. ಆಮೇಲಿನದನ್ನು ಹೇಗೆ ವರ್ಣಿಸಲಿ! ಮೋಟರ್ ಕಿರ್ರೆಂದಿತು, ಸುಟ್ಟ ಎಣ್ಣೆಯ ಘಮ ಎದ್ದಿತು. ಮೂರು ರೇಸು ಒಳಗೇ ಅದುಮಿಟ್ಟುಕೊಂಡಿದ್ದ ಶಕ್ತಿಯನ್ನೆಲ್ಲ ಆ ಕಾರು ಒಮ್ಮೆಲೇ ಹೊರಹಾಕಿತು. ಅಮ್ಮ ಮಣೆಯ ಮೇಲೆ ಕೂತೇ ಕುಣಿಯುತ್ತಿದ್ದಳು. ಓಬಳೇಶಪ್ಪ ತೆಲುಗಿನಲ್ಲಿ ಏನೇನೋ ಅರಚುತ್ತ ತೊಡೆ ತಟ್ಟುತ್ತಿದ್ದ. ಹತ್ತನೇ ಸುತ್ತಿನ ಗೆರೆ ದಾಟಿದ ಕಾರು ನಿಲ್ಲುವ ಮಾತೇ ಆಡದೆ, ತಿರುವಿನಲ್ಲಿ ಹಾರಿ, ಅಕ್ಕಿ ಡಬ್ಬಕ್ಕೆ ಢಣ್ಣೆಂದು ಬಡಿದು, ಮೂತಿ ಮುರಿದುಕೊಂಡು ಬಿತ್ತು.

“ಅಯ್ಯಯ್ಯೋ!” ಎಂದು ಎದೆಗೆ ಕೈಯಿಟ್ಟ ಅಮ್ಮ, ಮರುಕ್ಷಣ ಏನೋ ನೆನಪಾದವಳಂತೆ ಗಟ್ಟಿಯಾಗಿ ನಕ್ಕಳು. “ನಂದೇ ಅಲ್ವಾ!”

ನಮ್ಮ ಕಾರಿಗಿಂತ ಬಹಳ ಕಡಿಮೆ ಸಮಯದಲ್ಲಿ ಅದು ಹತ್ತು ಸುತ್ತು ಮುಗಿಸಿತ್ತು. “ಗೆದ್ಬುಟ್ಟೆ! ನಾ ಗೆದ್ಬುಟ್ಟೆ!” ಎಂದು ಓಬಳೇಶಪ್ಪ ನನ್ನನ್ನು ಎತ್ತಿ ತಿರುಗಿಸಿದ. ನಾನು ತೀರ್ಪುಗಾರನ ಗತ್ತಿನಲ್ಲಿ ಹೇಳಲೇಬೇಕಾಯಿತು. ಕಾರು ಈಗ ಅಮ್ಮನದು, ಅಂದರೆ ಗೆದ್ದಿದ್ದು ಮತ್ತೆ ಮಧುಗಿರಿಯೇ. ಓಬಳೇಶಪ್ಪ ನಗು ತಡೆಯಲಾರದೆ ಕಂಬ ಹಿಡಿದುಕೊಂಡು ಕೂತುಬಿಟ್ಟ.

ಸುದ್ದಿ ಶಿರಾ, ತೋವಿನಕೆರೆಗಳಿಗೆ ಮುಟ್ಟಿತು. ಮುಂದಿನ ರೇಸಿಗೆ ಬಂದ ಪ್ರತಿ ಡಬ್ಬಿಯಲ್ಲೂ ಎಲೆಅಡಿಕೆ ಇತ್ತು, ಒಂದು ಚೀಟಿಯೂ ಇತ್ತು: “ಅಮ್ಮನವರಿಗೆ ಸೇರಿದ್ದು.” ಓಬಳೇಶಪ್ಪನದಂತೂ ಹೊಚ್ಚ ಹೊಸ ಕಾರು. ಅಂದಿನಿಂದ ಅಮ್ಮ ಎಲ್ಲವನ್ನೂ ಕರುಣೆಯಿಲ್ಲದೆ ಓಡಿಸಿದಳು. ಶಿರಾ ಗೆದ್ದಿತು, ತೋವಿನಕೆರೆ ಗೆದ್ದಿತು, ಹೊಸಕೋಟೆ ಮೇಲಿಂದ ಮೇಲೆ ಗೆದ್ದಿತು. ನಮ್ಮ ಕಾರು ನಿಜವಾಗಿ ಎಷ್ಟು ಮಂದ ಎಂಬುದು ನಾಲ್ಕು ತಾಲ್ಲೂಕುಗಳಿಗೂ ಗೊತ್ತಾಯಿತು. ಮೊದಲ ಸ್ಥಾನದಿಂದ ಕೊನೆಯ ಸ್ಥಾನದವರೆಗೂ ಅಮ್ಮನೇ ಬಂದಂತಾಯಿತೆಂದು ಅವಳ ಹಿಗ್ಗು ಹೇಳತೀರದು. ಕೋಡುಬಳೆಯೊಂದಿಗೆ ಕಾರು ಹಿಂದಕ್ಕೆ ಹೋಗುವಾಗ ನನ್ನಿಂದ ಒಂದು ಸಾಲು ಬರೆಸುತ್ತಿದ್ದಳು: “ನಮ್ಮ ಗಾಡಿ, ಜೋಪಾನ.”

ಆಮೇಲೆ ಊರಿಗೆ ಟೀವಿಗಳು ಬಂದವು, ನನಗೆ ರಿಪೇರಿಯಿಂದ ಬಿಡುವಿಲ್ಲದಾಯಿತು, ಡಬ್ಬಿಗಳು ಬರುವುದು ನಿಂತಿತು. ಅಮ್ಮ ಹೋಗಿ ಎಷ್ಟೋ ವರ್ಷಗಳಾದವು. ಮೂತಿ ಮುರಿದ ಆ ಕಾರಿಗೆ ನಾನು ಮೂತಿ ಅಂಟಿಸಿ, ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ಅಮ್ಮನ ಗಾಡಿ, ಯಾರೂ ಮುಟ್ಟಬಾರದು.

ನಿನ್ನೆ ಬೀಗ ತೆಗೆದೆ. ಅಟ್ಟದಲ್ಲಿ ಆ ಹಲಗೆಯ ಒಂದು ನೇರ ತುಂಡು ಉಳಿದಿದೆ. ಅದನ್ನು ಊಟದ ಮೇಜಿನ ಮೇಲಿಟ್ಟು, ತಾಮ್ರ ಉಜ್ಜಿ, ಸ್ಕೂಟರಿನ ಬ್ಯಾಟರಿ ಜೋಡಿಸಿದೆ. ಚಕ್ರಕ್ಕೆ ಒಂದು ಹನಿ ಎಣ್ಣೆ ಬಿಟ್ಟೆ. ಕಾರು ನೆಲಕ್ಕೆ ಬಿದ್ದೀತೆಂದು, ಮಿಕ್ಸಿ ಜಾರಿನ ಗುಳ್ಳೆ ಪ್ಲಾಸ್ಟಿಕ್ಕನ್ನು ಹಲಗೆಯ ಕೊನೆಯಲ್ಲಿ ಮೂರು ಮಡಿಕೆ ಮಾಡಿ ಇಟ್ಟೆ. ತಿರುಪನ್ನು ಮೆತ್ತಗೆ ಹಿಡಿದೆ. ಹಿಡಿದಾಗ ಆ ಕೈ ಯಾರದೆಂದು ನನಗೇ ಗುರುತು ಸಿಕ್ಕಿತು. ಬೇರೆಯವರ ಸಾಮಾನು ಹಿಡಿದಾಗಿನ ಅಮ್ಮನ ಕೈ. ಇಷ್ಟು ವರ್ಷ ನಾನು ಅಮ್ಮನ ಮನೆಗೆ ನೆಂಟನಾಗಿದ್ದೆನೇ? ದುಃಖ ಉಕ್ಕಿತು, ಹಿಂದೆಯೇ ನಗುವೂ ಬಂತು.

ಪ್ಲಾಸ್ಟಿಕ್ಕನ್ನು ತೆಗೆದು ಪಕ್ಕಕ್ಕೆಸೆದೆ. ತಿರುಪನ್ನು ಕೊನೆಯವರೆಗೂ ತಿರುಗಿಸಿದೆ.

“ಅಯ್ಯೋ, ಏನ್ರೀ ಅದು ಬಿದ್ದಿದ್ದು? ಯಾರದು?” ಎಂದು ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

“ನಮ್ದೇ ಕಣೇ!” ಎಂದೆ, ನೆಲದ ಮೇಲೆ ಕೂತು ನಗುತ್ತ. “ನಮ್ದೇ!”