ಲಿಪ್‌ಸ್ಟಿಕ್ ಹಚ್ಚಿದ ಕೋಳಿಗಳು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಗಡಿಬಿಡಿ ಅಂತ. ಹೆಸರಿಗೆ ತಕ್ಕ ಹಾಗೇ ಇದ್ದಳು ಬಿಡಿ, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಮನೆಯ ಮುಂದಿನ ಕೋಣೆಯೇ ಅವಳ ಬ್ಯೂಟಿ ಪಾರ್ಲರು: ಒಂದು ತಿರುಗುವ ಕುರ್ಚಿ, ಮೂಲೆಯಲ್ಲಿ ಕಲೆ ಬಿದ್ದ ಕನ್ನಡಿ, ಕಾಯುವವರಿಗೊಂದು ಬೆಂಚು. ಹಿತ್ತಲಲ್ಲಿ ಮೂರು ಕೋಳಿ: ಕರಿ, ಕೆಂಚಿ, ಬಿಳಿ. ಹುಬ್ಬು ತಿದ್ದುವ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹಿತ್ತಲಿಗೆ ಓಡಿ, ಬುಟ್ಟಿಗೆ ಕೈ ಹಾಕಿ, ಮೊಟ್ಟೆ ಬಿದ್ದಿದೆಯಾ ಅಂತ ನೋಡಿ ಬರುತ್ತಿದ್ದಳು. ಅರ್ಧ ಹುಬ್ಬಿನ ಗಿರಾಕಿ ಕಣ್ಣು ಮುಚ್ಚಿಕೊಂಡು ಕಾಯಬೇಕು, ಪಾಪ.

ಬೇಲಿಯಾಚೆ ವಾರಗಿತ್ತಿಯ ಮನೆ. ಗಂಡನ ಅಣ್ಣನ ಹೆಂಡತಿ. ಗಡಿಬಿಡಿಗೆ ಬಾಯ್ತುಂಬ ‘ಅಕ್ಕ’. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳನ್ನು ‘ಮನೇಲಿ ಕೂತು ಏನು ಮಾಡ್ತೀಯೇ’ ಅಂತ ಗದರಿ ಪಾರ್ಲರ್ ಕೆಲಸ ಕಲಿಯಲು ಕಳಿಸಿದ್ದು ಅಕ್ಕನೇ. ಕಲಿತು ಬಂದ ಮೇಲೆ ಮೊದಲು ಮುಖ ಒಡ್ಡಿದ್ದೂ ಅಕ್ಕನೇ. ಎಡಹುಬ್ಬು ಪೂರ್ತಿ ಹಾರಿಹೋಯಿತು! ತಿಂಗಳುಗಟ್ಟಲೆ ಪೆನ್ಸಿಲಿನಲ್ಲಿ ಹುಬ್ಬು ಬರೆದುಕೊಂಡು ಓಡಾಡಿದಳೇ ಹೊರತು, ಯಾರು ಕೇಳಿದರೂ ಇವಳ ಹೆಸರು ಹೇಳಲಿಲ್ಲ.

ಅಂಥ ಅಕ್ಕನ ಜೊತೆ ಮಾತು ನಿಂತು ಎಂಟು ತಿಂಗಳಾಗಿತ್ತು. ಕಾರಣ ಮೊಟ್ಟೆ. ನಗಬೇಡಿ, ಮನೆಗಳು ಇದಕ್ಕಿಂತ ಸಣ್ಣದಕ್ಕೆ ಮುರಿದಿವೆ. ಅಕ್ಕನಿಗೂ ಮೂರು ಕೋಳಿ. ಬೇಲಿಯಲ್ಲಿ ಕಂಡಿ, ಕೋಳಿಗಳಿಗೆ ಎರಡೂ ಹಿತ್ತಲು ತಮ್ಮವೇ. ದಿನಕ್ಕೆ ಮೂರು ಬೀಳುತ್ತಿದ್ದ ಗಡಿಬಿಡಿಯ ಬುಟ್ಟಿಗೆ ಎರಡೇ ಬೀಳತೊಡಗಿದವು. ಒಂದು ವಾರ ಬಾಯಿ ಬಿಗಿಹಿಡಿದಳು, ಅದೇ ಹೆಚ್ಚು. ಎಂಟನೇ ದಿನ, ಬೆಂಚು ತುಂಬ ಜನರಿದ್ದಾಗ, “ಪಕ್ಕದಲ್ಲೇ ಕಳ್ಳರಿದ್ದರೆ ಮೊಟ್ಟೆ ಎಲ್ಲಿ ಉಳಿಯುತ್ತೆ ಹೇಳಿ!” ಅಂದುಬಿಟ್ಟಳು. ಅದೂ ರಸ್ತೆಗೆ ಕೇಳುವ ಹಾಗೆ. ಉಪ್ಪು ಖಾರ ಹಚ್ಚಿಸಿಕೊಂಡು ಆ ಮಾತು ಸಂಜೆಯೊಳಗೆ ಅಕ್ಕನ ಕಿವಿಗೆ ಬಿತ್ತು. ಅಕ್ಕ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತು ಬಿಟ್ಟಳು, ಅಷ್ಟೆ.

ಅವತ್ತಿನಿಂದ ಗಡಿಬಿಡಿಗೆ ನೆಮ್ಮದಿಯೆಂಬುದಿಲ್ಲ. ಹಾಸಿಗೆಯಲ್ಲಿ ಹೊರಳಾಟ, ಊಟಕ್ಕೆ ಕೂತರೆ ಅರ್ಧಕ್ಕೇ ಏಳುವುದು. ಅಕ್ಕ ಬೇಕು ಅಂತ ಮನಸ್ಸು ಅಳುತ್ತಿತ್ತು. ತಾನು ಹೇಳಿದ್ದು ಸುಳ್ಳಲ್ಲ ಅಂತ ಮೊದಲು ಗೊತ್ತಾಗಲಿ ಅನ್ನುವ ಹಟವೂ ಅಷ್ಟೇ ಇತ್ತು. “ಹೋಗಿ ತಪ್ಪಾಯ್ತು ಅನ್ನು,” ಅಂದ ಗಂಡ.

“ಯಾಕೆ? ನನ್ನ ಮೊಟ್ಟೆ ಹೋಗಿರೋದು ನಿಜ ತಾನೇ?”

“ಮೊಟ್ಟೆ ಮೇಲೆ ನಿನ್ನ ಹೆಸರು ಬರೆದಿತ್ತಾ?”

ಈ ಕುಹಕ ತಲೆಯಲ್ಲಿ ಕೂತುಬಿಟ್ಟಿತು. ಒಂದು ದಿನ ಗಿರಾಕಿಯೊಬ್ಬಳು ಟೀ ಕುಡಿದಿಟ್ಟ ಕಪ್ಪಿನ ಅಂಚಲ್ಲಿ ತುಟಿಯ ಕೆಂಪು ಅಂಟಿದ್ದು ಕಂಡಿತು. ಅರೆ! ಹೆಸರು ಬರೆಯೋದಕ್ಕೆ ಇನ್ನೇನು ಬೇಕು?

ಅವತ್ತು ಸಂಜೆಯೇ ಕೋಳಿಗಳನ್ನು ಒಂದೊಂದಾಗಿ ಕಂಕುಳಲ್ಲಿ ಅವುಚಿಕೊಂಡು, ಮೊಟ್ಟೆ ಹೊರಬರುವ ಜಾಗಕ್ಕೆ ಲಿಪ್‌ಸ್ಟಿಕ್ ಬಳಿದಳು. ಕರಿಗೆ ಕಡು ಕೆಂಪು, ಕೆಂಚಿಗೆ ನೇರಳೆ, ಬಿಳಿಗೆ ಗುಲಾಬಿ. ಇಷ್ಟು ಒದ್ದಾಡುವ ಗಿರಾಕಿಗಳನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಮೊಣಕೈಯೆಲ್ಲ ಗೀರಿಸಿಕೊಂಡಳು.

ಮರುದಿನ ಬುಟ್ಟಿಯಲ್ಲಿ ಎರಡು ಮೊಟ್ಟೆ. ಒಂದರ ಮೇಲೆ ನೇರಳೆ ಗೆರೆ. ಇನ್ನೊಂದರ ಮೇಲೆ ಏನೂ ಇಲ್ಲ. ಕರಿಯದು ಹೋಯಿತು, ಸಿಕ್ಕಿಬಿದ್ದರು ಅಂತ ಕುಣಿದಳು. ಆದರೆ ಈ ಬೋಳು ಮೊಟ್ಟೆ? ಅಗ್ಗದ ಗುಲಾಬಿ, ಅಳಿಸಿಹೋಗಿರಬೇಕು. ಎರಡನೇ ಸಂಜೆ ಬಿಳಿಗೆ ಮದುಮಗಳಿಗೆ ಹಚ್ಚುವ, ಸೋಪಿಗೂ ಜಗ್ಗದ ದುಬಾರಿ ಬಣ್ಣ ಬಿತ್ತು. ಬೆಳಗ್ಗೆ ನೋಡಿದರೆ ಮತ್ತೆ ಒಂದು ನೇರಳೆ, ಒಂದು ಬೋಳು. ಈ ಸಲ ಕಾದೇ ನೋಡಬೇಕು ಅಂದುಕೊಂಡಳು.

ಮೂರನೇ ದಿನ ಹಿಂದಿನ ಕಿಟಕಿಯತ್ತಲೇ ಕಣ್ಣಿಟ್ಟುಕೊಂಡು ಗಿರಾಕಿಯ ಹುಬ್ಬು ತಿದ್ದುತ್ತಿದ್ದಳು. “ಅಯ್ಯೋ, ಚರ್ಮ ಕಣ್ರೀ ಅದು!” ಅಂತ ಗಿರಾಕಿ ಕಿರುಚಿದಳು. ಗಡಿಬಿಡಿಗೆ ಕೇಳಿಸಲೇ ಇಲ್ಲ. ಅಕ್ಕನ ಬೂದು ಕೋಳಿ ಬೇಲಿ ಕಂಡಿಯಲ್ಲಿ ನುಸುಳಿ, ತನ್ನ ಮನೆ ಅನ್ನುವ ಹಾಗೆ ಇವಳ ಬುಟ್ಟಿಯಲ್ಲಿ ಕೂತಿತು. ಎದ್ದು ಹೋದ ಮೇಲೆ ನೋಡಿದರೆ ಬೋಳು ಮೊಟ್ಟೆ, ಇನ್ನೂ ಬೆಚ್ಚಗಿದೆ. ಬಿಳಿ ಕೋಳಿ ಮೊಟ್ಟೆ ಇಡುವುದನ್ನು ಯಾವತ್ತೋ ನಿಲ್ಲಿಸಿದೆ, ಕರಿ ಬೇಲಿಯಾಚೆ ಇಡುತ್ತಿದೆ, ಬೂದು ಇಲ್ಲಿ. ಎಂಟು ತಿಂಗಳು ತಾನು ತಿಂದದ್ದು ಅಕ್ಕನ ಕೋಳಿಯ ಮೊಟ್ಟೆ!

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಕೆಂಪು ಬಳಿದ ಮೊಟ್ಟೆ, ಮುಖದಲ್ಲಿ ಗಾಬರಿ.

“ನಿನ್ನ ಕೋಳಿಗೆ ರಕ್ತ ಹೋಗ್ತಿದೆ ಕಣೇ. ನಮ್ಮ ಮೂಲೇಲಿ ಮೊಟ್ಟೆ ಇಡ್ತಿರೋದು ನಿನ್ನ ಕರಿ ಅಂತ ನನಗೂ ಗೊತ್ತಿರಲಿಲ್ಲ, ರಕ್ತ ನೋಡಿ ಕಾದು ಕೂತಿದ್ದಕ್ಕೆ ಗೊತ್ತಾಯ್ತು. ಮೂರು ದಿನ ತಡೆದೆ, ನಿನ್ನ ಹತ್ತಿರ ಯಾಕೆ ಮಾತು ಅಂತ. ಆಗ್ಲಿಲ್ಲ. ಸತ್ತೇ ಹೋಗುತ್ತೆ, ಡಾಕ್ಟರ ಹತ್ತಿರ ಕರ್ಕೊಂಡು ಹೋಗು.”

ಹೂಂ ಅಂದುಬಿಟ್ಟಿದ್ದರೆ ಆಗಿತ್ತು. ಇಬ್ಬರೂ ಕೋಳಿ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದರು, ದಾರಿಯಲ್ಲಿ ಎಲ್ಲ ಸರಿಹೋಗುತ್ತಿತ್ತು. ಆ ಆಸೆ ಗಂಟಲವರೆಗೂ ಬಂತು.

“ರಕ್ತ ಅಲ್ಲ ಅಕ್ಕ,” ಅಂದಳು. “ಲಿಪ್‌ಸ್ಟಿಕ್ಕು. ನಿಮ್ಮನ್ನು ಹಿಡಿಯೋಕೆ ನಾನೇ ಹಚ್ಚಿದ್ದು.”

ಅಕ್ಕ ಬೆರಳಿನ ಕೆಂಪನ್ನು ಉಜ್ಜಿ ನೋಡಿಕೊಂಡಳು. ಮೊಟ್ಟೆಯನ್ನು ಹೊಸ್ತಿಲ ಮೇಲಿಟ್ಟು ತಿರುಗಿದಳು. ಗಡಿಬಿಡಿ ಅವಳ ಕೈ ಹಿಡಿದು ಪಾರ್ಲರಿನೊಳಗೆ ಎಳೆದುಕೊಂಡೇ ಬಂದಳು. ಕುರ್ಚಿಯಲ್ಲೊಬ್ಬಳು, ಬೆಂಚಿನ ಮೇಲಿಬ್ಬರು.

“ನೋಡಿ, ನಾನು ಇವರನ್ನ ಕಳ್ಳರು ಅಂದಿದ್ದೆ. ಸುಳ್ಳು ಅದು. ಇವರ ಮೊಟ್ಟೆ ತಿಂದೋಳು ನಾನು.”

ಅಕ್ಕ ಅಂದಳು: “ಅವತ್ತು ರಸ್ತೆಗೆ ಕೇಳಿಸಿತ್ತು.”

ಗಡಿಬಿಡಿ ಬಾಗಿಲು ತೆಗೆದು ರಸ್ತೆಗೇ ಇಳಿದಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಅದೇ ಮಾತನ್ನು ಕೂಗಿ ಹೇಳಿದಳು. ಎದುರಿನ ದರ್ಜಿ ಮಿಷನ್ನು ನಿಲ್ಲಿಸಿ ಕತ್ತೆತ್ತಿದ.

ಒಳಗೆ ಬಂದಾಗ ಅಕ್ಕ ಬೆಂಚಿನ ತುದಿಯಲ್ಲಿ ಕೂತು ಅಳುತ್ತಿದ್ದಳು.

“ಎಂಟು ತಿಂಗಳು ಕಣೇ,” ಅಂದಳು. “ಅಂಗಡಿಗೆ ಹೋದಾಗೆಲ್ಲ ಜನ ನನ್ನ ಚೀಲ ನೋಡೋರು.”