ಅಪ್ಪನಿಗೆ ಒಂದು ಜಾಡಿ ಆಮ್ಲಜನಕ

ನಾನು ರಾಮನಗರದಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಉಬ್ಬಸ ಜಾಸ್ತಿಯಾಯಿತು. ರೇಷ್ಮೆ ನೂಲು ತೆಗೆಯುವ ಕಡೆ, ಗೂಡು ಕುದಿಯುವ ಬಿಸಿನೀರಿನ ಮುಂದೆ ಕೂತು ದುಡಿದವರು ಅವರು. ಆ ಹಬೆ, ಸೌದೆ ಹೊಗೆ, ಬೆಂದ ಹುಳುವಿನ ನಾತ ಎಲ್ಲಾ ಎದೆಯೊಳಗೇ ಇಳಿದಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು.

ಆಗಲೇ ಒಂದು ದಿನ ವಿಜ್ಞಾನದ ಮೇಷ್ಟ್ರು ನಮ್ಮನ್ನು ಲ್ಯಾಬಿಗೆ ಕರೆದೊಯ್ದರು. ಲ್ಯಾಬೆಂದರೆ ಎರಡು ಮೇಜು, ಒಂದು ಬೀರು. ಗಾಜಿನ ಪ್ರನಾಳದಲ್ಲಿ ಬಿಳಿ ಪುಡಿಗೆ ಕರಿ ಪುಡಿ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ಅದರಿಂದ ಹೊರಟ ಕೊಳವೆ ನೀರಿನ ತೊಟ್ಟಿಗೆ ಇಳಿದಿತ್ತು. ಅಲ್ಲಿ ನೀರು ತುಂಬಿ ಬೋರಲು ಹಾಕಿದ್ದ ಜಾಡಿಯೊಳಕ್ಕೆ ಗುಳ್ಳೆಗಳು ಏರತೊಡಗಿದವು. ಜಾಡಿಯ ನೀರೆಲ್ಲ ಇಳಿದ ಮೇಲೆ ಇನ್ನೊಂದು ಜಾಡಿಯನ್ನೂ ಹಾಗೇ ತುಂಬಿಸಿ, ತುದಿಯಲ್ಲಿ ಕೆಂಡವಷ್ಟೇ ಉಳಿದಿದ್ದ ಕಡ್ಡಿಯೊಂದನ್ನು ಮೊದಲಿನದರೊಳಗಿಟ್ಟರು. ಅದು ಭಗ್ಗನೆ ಹೊತ್ತಿಕೊಂಡಿತು.

"ಇದೇ ಆಮ್ಲಜನಕ. ನಾವು ಬದುಕಿರೋದು ಇದರಿಂದಲೇ" ಅಂದರು.

ಬೆಲ್ ಹೊಡೆದು ಎಲ್ಲರೂ ಹೋದ ಮೇಲೂ ನಾನು ನಿಂತೇ ಇದ್ದೆ.

"ಸಾರ್, ಇನ್ನೊಂದು ಜಾಡಿ ಐತಲ್ಲ, ಅದನ್ನ ಮನೆಗೆ ತಗೊಂಡೋಗ್ಲಾ?"

"ಯಾಕಮ್ಮ?"

"ನಮ್ಮಪ್ಪಂಗೆ ಉಸ್ರು ಸಾಲ್ತಿಲ್ಲ ಸಾರ್."

ಅವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತು, "ಇದು ಒಂದೆರಡು ಉಸಿರಿಗೂ ಬರಲ್ಲ ಕಣಮ್ಮ. ಉಸಿರಾಡೋಕೆ ಕೊಡಲೂಬಾರದು. ಅದಕ್ಕೆ ಆಸ್ಪತ್ರೇಲಿ ಬೇರೆ ಸಿಲಿಂಡರ್ ಇರುತ್ತೆ" ಅಂದರು. ಸಂಜೆ ಸೈಕಲ್ ತಳ್ಳಿಕೊಂಡು ನನ್ನ ಜೊತೆ ಮನೆಗೇ ಬಂದರು. ಅವರನ್ನು ಕಂಡು ಅಪ್ಪ ಪಂಚೆ ಸರಿಮಾಡಿಕೊಂಡು ಏಳಲು ಹೋದವರು ಕೆಮ್ಮುತ್ತಾ ಕುಸಿದು ಕೂತರು. ಬೇಡ ಬೇಡವೆಂದರೂ ಬಿಡದೆ ಮೇಷ್ಟ್ರು ಮಾರನೇ ಬೆಳಗ್ಗೆ ಅಪ್ಪನನ್ನು ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಬಂದರು.

ಭಾನುವಾರ ಅವ್ವನ ಜೊತೆ ನೋಡಲು ಹೋದೆ. ಅಪ್ಪನ ಮೂಗು ಬಾಯಿಗೆ ರಬ್ಬರಿನ ಮುಸುಕು, ಮಂಚದ ಪಕ್ಕ ಕಪ್ಪು ಸಿಲಿಂಡರ್. ಅಪ್ಪ ಮುಸುಕನ್ನು ಒಸಿ ಸರಿಸಿ, "ನಿಮ್ ಮೇಷ್ಟ್ರು ಎಲ್ಲಾ ಹೇಳುದ್ರು ಕಣವ್ವ. ನಂಗೋಸ್ಕರ ಕೇಳ್ದ್ಯಂತಲ್ಲ" ಅಂದರು. ಕಣ್ಣು ತುಂಬಿತ್ತು.

"ಮಾತಾಡ್ಬ್ಯಾಡಿ" ಎಂದು ಅವ್ವ ಮುಸುಕನ್ನು ಮತ್ತೆ ಸರಿಯಾಗಿ ಇಟ್ಟಳು.

ನಾನು ಅಪ್ಪನ ಬಾಯಲ್ಲಿ ಕೇಳಿದ ಕೊನೆಯ ಮಾತು ಅದು. ಆ ವಾರವೇ ತೀರಿಕೊಂಡರು. ಕರೆತಂದದ್ದು ತಡವಾಯಿತು ಎಂದರಂತೆ ಡಾಕ್ಟರು.

ತಿಥಿ ಮುಗಿಸಿ ಸ್ಕೂಲಿಗೆ ಹೋದಾಗ ಲ್ಯಾಬಿನಲ್ಲಿ ಸುಣ್ಣದ ತಿಳಿನೀರಿನ ಪಾಠ ನಡೆದಿತ್ತು. ಒಬ್ಬೊಬ್ಬರೂ ಕೊಳವೆಯಿಂದ ಅದಕ್ಕೆ ಉಸಿರು ಊದಬೇಕು, ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನನ್ನ ಸರದಿ ಬಂದಾಗ ಕೊಳವೆ ತುಟಿಗಿಟ್ಟುಕೊಂಡೆ. ಊದಲಾಗಲಿಲ್ಲ. ಮೇಷ್ಟ್ರು ಕೊಳವೆಯನ್ನು ಪಕ್ಕದವಳಿಗೆ ಕೊಟ್ಟು, ನನ್ನನ್ನು ಹಿಂದಿನ ಕಿಟಕಿಯ ಹತ್ತಿರ ಕೂರಿಸಿದರು. ಅಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಯಾರೂ ತಿರುಗಿ ನೋಡದಿರಲೆಂದು ಅವರು ಎಂದಿಗಿಂತ ಗಟ್ಟಿಯಾಗಿ ಪಾಠ ಮಾಡುತ್ತಾ ಹೋದರು.