ಬಾಗಿಲಿಗಷ್ಟೇ ಆಗುವ ಚಾವಿ

2023ರಲ್ಲಿ ನಾನು ಕಾರವಾರದಲ್ಲಿ ಕಾರಿನ ಕೀ ಮಾಡಿಕೊಡುವ ಕೆಲಸದಲ್ಲಿದ್ದೆ. ಪೇಟೆಯಲ್ಲಿ ಸಣ್ಣದೊಂದು ಅಂಗಡಿ, ಒಂದು ಕಟಿಂಗ್ ಮೆಷಿನ್, ಹೊಸ ಕೀಯನ್ನು ಕಾರಿಗೆ ಪರಿಚಯಿಸುವ ಪ್ರೋಗ್ರಾಮರ್ ಎಂಬ ಇನ್ನೊಂದು ಮೆಷಿನ್, ಓಡಾಡಲು ಹಳೆಯ ವ್ಯಾನು. ಕೀ ಕಳೆದುಕೊಳ್ಳುವವರಿಗೆ ನಮ್ಮ ಕಡೆ ಬರವಿಲ್ಲ. ದೇವಬಾಗದ ಮರಳಿನಲ್ಲಿ ಬೀಳಿಸಿದವರು, ದೋಣಿಯಿಂದ ಕಾಳಿ ನದಿಗೆ ಉದುರಿಸಿದವರು, ಪ್ಯಾಂಟಿನ ಜೇಬಲ್ಲೇ ಬಿಟ್ಟು ವಾಷಿಂಗ್ ಮೆಷಿನ್ನಿಗೆ ಹಾಕಿದವರು, ಎಲ್ಲರೂ ನನ್ನ ಗಿರಾಕಿಗಳೇ. ಎರಡನೆಯ ಕೀ ಎಲ್ಲಿ ಎಂದು ಕೇಳಿದರೆ ಅದೂ ಅದೇ ಗೊಂಚಲಲ್ಲಿತ್ತು ಎನ್ನುತ್ತಾರೆ. ಕಂಪನಿಯವರು ಎರಡು ಕೀ ಕೊಡುವುದು ಎರಡನ್ನೂ ಒಟ್ಟಿಗೆ ಕಳೆಯಲಿ ಎಂದಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಆಗ ನಾನು ಕದ್ವಾಡದ ಮನೆಯಲ್ಲಿ ಒಬ್ಬನೇ ಇದ್ದೆ, ಈಗಲೂ ಒಬ್ಬನೇ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ನಮಗೆ ಮಕ್ಕಳಿಲ್ಲ. ಇಡೀ ದಿನ ಊರವರ ಬಾಗಿಲು ತೆಗೆದುಕೊಟ್ಟು ಸಂಜೆ ನನ್ನ ಬಾಗಿಲನ್ನು ನಾನೇ ತೆಗೆದು ಒಳಗೆ ಹೋಗುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ಹಾಗಾಗಿ ದೂರದಿಂದ ಕರೆ ಬಂದರೆ ಒಳಗೊಳಗೇ ಖುಷಿ. ಮನೆ ಸೇರುವುದು ಅಷ್ಟು ತಡವಾಗುತ್ತದಲ್ಲ!

ಮಳೆಗಾಲ ಮುಗಿದ ಮೇಲೆ ಅಂಕೋಲಾ ತಾಲೂಕಿನ ಅವರ್ಸಾದಿಂದ ಒಂದು ಫೋನ್ ಬಂತು. ಮಾತಾಡಿದವರು ಪ್ರಾಥಮಿಕ ಶಾಲೆಯ ಟೀಚರ್. ಹೆಸರು ಸುಮಂಗಲಾ, ಊರಿನವರ ಬಾಯಲ್ಲಿ ಅಕ್ಕೋರು. ಕಾರು ಮನೆ ಅಂಗಳದಲ್ಲಿದೆ, ಎರಡೂ ಕೀ ಇಲ್ಲ ಎಂದರು. ಹೇಗೆ ಕಳೆಯಿತು ಎಂದು ಕೇಳಿದೆ. "ಕಳೀಲಿಲ್ಲ. ಎರಡೂ ನಮ್ಮನೆಯವ್ರ ಗೊಂಚಲಲ್ಲೇ ಅದೆ," ಎಂದರು. ಹಾಗಾದರೆ ಅವರನ್ನೇ ಕೇಳಬಾರದೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಕೇಳಲಿಲ್ಲ.

ಅಲ್ಲಿಗೆ ಹೋದ ಮೇಲೆ ವಿಷಯ ತಿಳಿಯಿತು. ಗಂಡ ಫೆಬ್ರವರಿಯ ಒಂದು ಬೆಳಿಗ್ಗೆ ಕಾರವಾರಕ್ಕೆ ಹೋಗಿಬರುತ್ತೇನೆ ಎಂದು ಹೊರಟವರು. ಕಾರು ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿತು. ಅವರು ರೈಲು ಹತ್ತಿದ್ದು ಕ್ಯಾಮೆರಾದಲ್ಲಿ ಕಂಡಿತಂತೆ, ಆಮೇಲೆ ಸುದ್ದಿಯಿಲ್ಲ. ಜಗಳವಿಲ್ಲ, ಸಾಲವಿಲ್ಲ, ಕಾಯಿಲೆಯಿಲ್ಲ. ಪೊಲೀಸರು ಕಾರಿನ ಬಾಗಿಲು ತೆಗೆಸಿ ನೋಡಿ, ಏನೂ ಸಿಗದೆ ಮತ್ತೆ ಮುಚ್ಚಿದ್ದರು. ಸ್ಟಿಯರಿಂಗ್ ಲಾಕ್ ಆಗಿದ್ದರಿಂದ ಮುಂದಿನ ಚಕ್ರ ಎತ್ತಿ ಟೋ ಮಾಡಿ ತಂದಿದ್ದರು. ಅಂದಿನಿಂದ ಅದು ತೆಂಗಿನ ಮರದ ಬದಿಗೆ, ಮೈಯೆಲ್ಲ ಪಾಚಿ ಹಿಡಿದು ನಿಂತಿತ್ತು.

ಮನೆಯಲ್ಲಿ ಇನ್ನೊಬ್ಬರಿದ್ದರು, ಅಕ್ಕೋರ ಅತ್ತೆ, ಕಾಣೆಯಾದವರ ತಾಯಿ. ಮೊಣಕಾಲಿನ ಆಪರೇಷನ್ ಆಗಿತ್ತು. ಕಾರವಾರದ ಆಸ್ಪತ್ರೆಗೆ ವಾರ ವಾರ ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಅದಕ್ಕೇ ಅಕ್ಕೋರು ಮಳೆಗಾಲವಿಡೀ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದರು. ಆರ್‌ಸಿ ನೋಡಿದೆ, ಕಾರು ಅಕ್ಕೋರ ಹೆಸರಿನಲ್ಲೇ ಇತ್ತು. ಅದನ್ನು ನೋಡದೆ ನಾನು ಯಾವ ಗಾಡಿಯನ್ನೂ ಮುಟ್ಟುವುದಿಲ್ಲ.

ಇಲ್ಲಿ ಸ್ವಲ್ಪ ತಾಂತ್ರಿಕ ವಿವರಣೆ ಬೇಕು. ಈಗಿನ ಕಾರಿನ ಕೀ ಎಂದರೆ ಒಂದಲ್ಲ, ಎರಡು. ಒಂದು ಕಣ್ಣಿಗೆ ಕಾಣುವ ಬ್ಲೇಡ್. ಅದರ ಹಲ್ಲು ಹೊಂದಿದರೆ ಬಾಗಿಲು ತೆರೆಯುತ್ತದೆ, ಇಗ್ನಿಷನ್ ತಿರುಗುತ್ತದೆ. ಇನ್ನೊಂದು ಪ್ಲಾಸ್ಟಿಕ್ ಹಿಡಿಯೊಳಗೆ ಅಡಗಿರುವ ಚಿಪ್. ಅಕ್ಕಿ ಕಾಳಿಗಿಂತ ತುಸು ದೊಡ್ಡದು, ಅದಕ್ಕೆ ಬ್ಯಾಟರಿಯೂ ಬೇಡ. ಇಗ್ನಿಷನ್ ಸುತ್ತಲಿನ ತಂತಿಯ ಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಕಾರಿನೊಳಗಿನ ಇಮ್ಮೊಬಿಲೈಜರ್ ಎಂಬ ಪುಟ್ಟ ಪೆಟ್ಟಿಗೆ ಆ ಗುರುತನ್ನು ತನ್ನ ನೆನಪಿನೊಂದಿಗೆ ಹೋಲಿಸಿ, ತನ್ನದೇ ಕೀ ಎಂದು ಖಾತ್ರಿಯಾದರೆ ಮಾತ್ರ ಎಂಜಿನ್ ಓಡಲು ಬಿಡುತ್ತದೆ. ಎಷ್ಟೇ ಚೆನ್ನಾಗಿ ಬ್ಲೇಡ್ ಕತ್ತರಿಸಿದರೂ ಚಿಪ್ಪಿನ ಪರಿಚಯವಿಲ್ಲದಿದ್ದರೆ ಕಾರು ಮುಂದೆ ಹೋಗದು. ಒಂದೂ ಕೀ ಇಲ್ಲದಾಗ 'ಆಲ್ ಕೀಸ್ ಲಾಸ್ಟ್' ಎಂಬ ವಿಧಾನವಿದೆ. ಅಕ್ಕೋರ ಕಾರಿನ ಮಾಡೆಲಿನಲ್ಲಿ ನನ್ನ ಮೆಷಿನ್ನಿಗೆ ಅದೊಂದೇ ದಾರಿ. ಅದು ಮೊದಲು ಹಳೆಯ ಕೀಗಳ ನೆನಪನ್ನೆಲ್ಲ ಅಳಿಸಿ, ಆಮೇಲೆ ಹೊಸದನ್ನು ಸೇರಿಸುತ್ತದೆ.

ಬಾಗಿಲಿನ ಲಾಕಿಗೆ ಪಿಕ್ ಟೂಲ್ ಹಾಕಿ ಒಳಗಿನ ಹಲ್ಲಿನ ಅಳತೆ ಓದಿದೆ, ಅದರಂತೆ ಬ್ಲೇಡ್ ಕತ್ತರಿಸಿದೆ. ಬಾಗಿಲು ತೆರೆಯಿತು. ಮುಚ್ಚಿಟ್ಟ ವಾಸನೆ. ಡ್ರೈವರ್ ಸೀಟು ಹಿಂದಿನ ಸೀಟಿಗೆ ತಾಗುವಷ್ಟು ಹಿಂದಕ್ಕೆ ಸರಿದಿತ್ತು. ಅಕ್ಕೋರ ಗಂಡ ಎತ್ತರದ ಆಳು ಇರಬೇಕು. ಬ್ಯಾಟರಿ ಸತ್ತಿತ್ತು, ನನ್ನದನ್ನು ಜೋಡಿಸಿ ಪ್ರೋಗ್ರಾಮರ್ ಹಚ್ಚಿದೆ. 'ಹಳೆಯ ಕೀಗಳು ಅಳಿಸಿಹೋಗುತ್ತವೆ, ಮುಂದುವರಿಯಲೇ?' ಎಂದು ಸ್ಕ್ರೀನ್ ಕೇಳಿತು. ಆಗ ನಾನು ಎಲ್ಲ ಗಿರಾಕಿಗಳಿಗೂ ಧೈರ್ಯ ತುಂಬಲು ಹೇಳುವ ಬಾಯಿಪಾಠದ ಮಾತು ಹೇಳಿದೆ.

"ಇನ್ನು ಹೆದರ್ಕಿ ಇಲ್ಲ ಅಕ್ಕೋರೆ. ಹಳೇ ಕೀ ಯಾರ ಕೈಲಿದ್ರೂ ಗಾಡಿ ಸ್ಟಾರ್ಟ್ ಆಗೂದಿಲ್ಲ."

ಜಗಲಿಯ ಮೇಲೆ ಕೂತಿದ್ದ ಮುದುಕಿ ಕೋಲು ಊರಿ ಎದ್ದು ನಿಂತರು. "ತಮಾ, ನಿಲ್ಸು. ನಮ್ಮ ಹುಡ್ಗ ಬಂದ್ರೆ ಅವ್ನ ಚಾವಿ ನಡೂದಿಲ್ವಾ?"

ನನ್ನ ಬೆರಳು ಗುಂಡಿಯ ಮೇಲೆಯೇ ನಿಂತಿತು. ನನಗೆ ಆ ಕಾರು ಒಂದು ಕೆಲಸ. ಆ ತಾಯಿಗೆ ಮಗನ ಗುರುತು ಉಳಿದಿದ್ದದ್ದು ಆ ಪೆಟ್ಟಿಗೆಯೊಳಗೆ. ಅದನ್ನು ಅಳಿಸಲು ಹೊರಟವನು ನಾನು. ಅಕ್ಕೋರು ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ಬಂದ್ರೆ ನಂಗೊಂದು ಫೋನ್ ಮಾಡಿ ಆಯಿ," ಎಂದೆ. "ಆ ಚಾವಿ ತಂದ್ಕೊಟ್ರೆ ಮತ್ತೆ ಸೇರಿಸ್ಕೊಡ್ತೆ. ಅಲ್ಲೀತನ್ಕ ಗಾಡಿಗೆ ಅದ್ರ ಗುರ್ತು ಇರೂದಿಲ್ಲ."

"ಬಾಗ್ಲಾದ್ರೂ ತೆಗೀತದ್ಯಾ?"

"ತೆಗೀತದೆ. ಹಲ್ಲು ಅದೇ ಅಲ್ದಾ? ನಾ ಅಳ್ಸೂದು ಚಿಪ್ಪಿನ ಗುರ್ತು ಮಾತ್ರ."

ನಾನು ಮೆಷಿನ್ ತೆಗೆದು ವಾಪಸು ಹೋಗಲು ತಯಾರಾಗಿದ್ದೆ. ಆಗ ಅಕ್ಕೋರು ಅತ್ತೆಯ ಹತ್ತಿರ ಹೋಗಿ ತೋಳು ಹಿಡಿದು ಕೂರಿಸಿದರು. ಮಕ್ಕಳಿಗೆ ಪಾಠ ಹೇಳುವ ಸಮಾಧಾನದ ದನಿಯಲ್ಲಿಯೇ ಹೇಳಿದರು:

"ಬಂದ್ರೆ ಬಾಗ್ಲು ತೆಗ್ದು ಕೂತ್ಕಳ್ಳಲಿ ಅತ್ತೆ, ನಾ ಬೇಡ ಅಂಬೂದಿಲ್ಲ. ಆದ್ರೆ ಗಾಡಿ ಓಡ್ಸೂದು ಇನ್ನು ನಾನು." ನನ್ನ ಕಡೆ ತಿರುಗಿ, "ಒತ್ತಿ ಅಣ್ಣಾ," ಎಂದರು.

ಒತ್ತಿದೆ. ಕೆಲಸ ಮುಗಿಯುವವರೆಗೂ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಅಕ್ಕೋರು ಒಳಗೆ ಕೂತರು, ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಸೀಟಿನ ಕೆಳಗಿನ ಸರಳು ಎತ್ತಿ ಮುಂದಕ್ಕೆ ಎಳೆದರು, ಜಂಗು ಹಿಡಿದು ಬರಲಿಲ್ಲ. ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದನ್ನು ಸ್ಟಿಯರಿಂಗಿಗೆ ಕೊಟ್ಟು ಮತ್ತೆ ಎಳೆದರು. ಕಟಕಟ ಎಂದು ಸೀಟು ಮುಂದೆ ಬಂತು. ಆಮೇಲೆ ಸ್ಟಿಯರಿಂಗಿಗೆ ಹಣೆಯಿಟ್ಟು ಸ್ವಲ್ಪ ಹೊತ್ತು ಅತ್ತರು. ನಾನು ವ್ಯಾನಿನ ಹಿಂದೆ ಹೋಗಿ ಸುಮ್ಮನೆ ವೈರು ಸುತ್ತುತ್ತ ನಿಂತೆ.

ಹೊರಡುವಾಗ ಎರಡು ಹೊಸ ಕೀ ಕೊಟ್ಟು, ಎರಡನ್ನೂ ಒಂದೇ ಗೊಂಚಲಲ್ಲಿ ಇಡಬೇಡಿ ಎಂದು ಎಂದಿನ ಬೈಗುಳವನ್ನೂ ಕೊಟ್ಟೆ. ಅಕ್ಕೋರು ಒಂದನ್ನು ಅಲ್ಲೇ ಅತ್ತೆಯ ಕೈಗಿಟ್ಟರು. ಮುದುಕಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಕೆಲವು ತಿಂಗಳ ನಂತರ ಅಮದಳ್ಳಿಯ ಹತ್ತಿರ ಆ ಕಾರು ನನಗೆ ಎದುರಾಯಿತು. ಅಕ್ಕೋರು ಓಡಿಸುತ್ತಿದ್ದರು, ಪಕ್ಕದಲ್ಲಿ ಅತ್ತೆ. ಹಳೆಯ ಕೀ ಸೇರಿಸಲು ನನಗೆ ಇವತ್ತಿನವರೆಗೂ ಫೋನ್ ಬಂದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಳಿಸುವ ಗುಂಡಿ ಒತ್ತುವ ಮುಂಚೆ ಹಳೆಯ ಕೀ ಯಾರ ಹತ್ತಿರ ಇದೆ ಎಂದು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಇನ್ನೊಂದು ಕೀಯನ್ನು ನಿಮ್ಮವರು ಅನ್ನಿಸಿಕೊಂಡವರ ಕೈಗೆ ಕೊಡಿ ಎಂದೂ ತಪ್ಪದೆ ಹೇಳುತ್ತೇನೆ. ಕದ್ವಾಡದ ನನ್ನ ಮನೆಗೂ ಎರಡು ಕೀ ಇವೆ. ಒಂದು ನನ್ನದು, ಒಂದು ಹೆಂಡತಿಯದು. ಎರಡೂ ನನ್ನ ಗೊಂಚಲಲ್ಲೇ ಇವೆ.